ಐಸ್‌ಲ್ಯಾಂಡಿನ ಮನೆಯಳಿಯನೂ ನಮ್ಮ ಹಟ್ಟಿಯ ಕಂಬಳಿಯೂ

ಮಧುಗಿರಿ

ನಾನು ಸೀಮೆಗೆ ಹೋಗಿಬಂದವನೆಂದು ತಿಳಿದರೆ ನಮ್ಮ ಕಡೆಯವರು ಮೊದಲು ಕೇಳುವುದು ಹಿಮದ ವಿಷಯ. ಮೊಣಕಾಲುದ್ದ ಬೀಳುತ್ತದಂತೆ, ಉಗುಳಿದರೆ ಉಗುಳೂ ಕಲ್ಲಾಗುತ್ತದಂತೆ, ಹೌದೇ ಎನ್ನುತ್ತಾರೆ. ನಾನು ಚಳಿಗಾಲ ಕಳೆದ ದ್ವೀಪದಲ್ಲಿ ಹುಲ್ಲು ಹಸಿರಾಗಿಯೇ ಇತ್ತು, ಬಿದ್ದದ್ದೆಲ್ಲ ಮಳೆ ಎಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಆ ಮಳೆ ಎಲ್ಲಿಂದ ಬಂತು, ಯಾಕೆ ನಿಲ್ಲಲಿಲ್ಲ, ನಮ್ಮೂರ ಕಂಬಳಿಗೆ ಅದು ಏನು ಮಾಡಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಲಂಡನ್ನಿನ ವರ್ಣನೆ ಬೇಕಾದವರು ಬೇರೆಯವರನ್ನು ಕೇಳಬೇಕು. ನಾನು ಅಲ್ಲಿ ಇದ್ದದ್ದು ರೈಲು ಬದಲಾಯಿಸುವಷ್ಟು ಹೊತ್ತು, ಅದರಲ್ಲೂ ಅರ್ಧ ಹೊತ್ತು ಟ್ರಂಕು ಕಾಯುವುದರಲ್ಲೇ ಹೋಯಿತು.

ನಾನು ಮಧುಗಿರಿಯಲ್ಲಿ ನೇಯ್ಗೆ ಕಲಿಸುವ ಮೇಷ್ಟ್ರು. ಹುಟ್ಟಿದ್ದು ಶಿರಾ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಸಾಕಿ ಕಂಬಳಿ ನೇಯುವವರ ಮನೆಯಲ್ಲಿ. ಉಣ್ಣೆಯ ಕೆಲಸವನ್ನು ಇನ್ನಷ್ಟು ಕಲಿತು ಬರಲೆಂದು ಸರ್ಕಾರ ನನ್ನನ್ನು ಒಂದು ವರ್ಷದ ಮಟ್ಟಿಗೆ ಸ್ಕಾಟ್ಲೆಂಡಿಗೆ ಕಳಿಸಿತು. ತಲೆಯ ಪಕ್ಕದಲ್ಲಿ ನರೆ ಬಂದವನನ್ನು ಯಾಕೆ ಆರಿಸಿದರೋ ತಿಳಿಯದು. ನಮ್ಮ ಹಟ್ಟಿಯಲ್ಲಿ ಆಗ ಮಗ್ಗಗಳು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಕಾಫಿ ತೋಟದ ಆಳುಗಳಿಗೆ ವರ್ಷ ವರ್ಷವೂ ನಮ್ಮ ಕಂಬಳಿ ಹೋಗುತ್ತಿತ್ತು. ಅದರ ಜಾಗಕ್ಕೆ ಗಿರಣಿಯ ಹೊದಿಕೆ ಬಂದು ಕೂತಿತ್ತು. ಹೊಸ ಕಡೆ ಗಿರಾಕಿ ಸಿಗದಿದ್ದರೆ ಕುರಿಯನ್ನು ಮಾಂಸಕ್ಕೆ ಮಾರುವುದು, ಮಗ್ಗದ ಗುಂಡಿ ಮುಚ್ಚುವುದು, ಅಷ್ಟೇ ಉಳಿದಿತ್ತು.

ನಾನು ಹೊರಡುವ ದಿನ ರಂಗಪ್ಪ ದೊಡ್ಡಪ್ಪ ಎರಡು ಕಂಬಳಿ ಹೆಗಲ ಮೇಲೆ ಹೊತ್ತು ಮಧುಗಿರಿಯ ಬಸ್ಸಿನ ಹತ್ತಿರ ಬಂದ. ಹಟ್ಟಿಯ ಮಗ್ಗಗಳಿಗೆಲ್ಲ ಹಿರಿಯ ಅವನೇ. ಅವನ ಹಿಂದೆ ನಾಗಮ್ಮತ್ತೆ, ಪಾವಗಡದ ಕಡೆಯಿಂದ ನಮ್ಮ ಮನೆಗೆ ಬಂದವಳು. ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುವುದರಲ್ಲಿ ಅವಳ ಕೈಗೆ ಸಾಟಿಯಿಲ್ಲ. ಅವಳ ಗಂಜಿ ಕುಡಿದ ಕಂಬಳಿ ನೆಲದ ಮೇಲೆ ಹಲಗೆಯಂತೆ ನಿಲ್ಲುತ್ತದೆ, ಮಳೆ ಬಿದ್ದರೆ ಕೆಸುವಿನ ಎಲೆಯ ಮೇಲಿಂದ ಜಾರಿದಂತೆ ಜಾರಿಹೋಗುತ್ತದೆ.

“ಆ ಸೀಮೆನಾಗೆ ಸಮುದ್ರದ ಮ್ಯಾಲೆ ಮೀನು ಹಿಡಿಯೋರು ವರ್ಸವೆಲ್ಲ ನೆನೀತಾರಂತೆ” ಎಂದ ದೊಡ್ಡಪ್ಪ. “ಅವರ ಹೆಗಲಿಗೆ ಒಂದು ಸಲ ಇದ ಹಾಕ್ಬುಟ್ಟು ಬಾ. ಆಮ್ಯಾಕೆ ಅವ್ರೇ ಕೇಳ್ಕಂಡು ಬತ್ತಾರೆ. ನಮ್ಮ ಕಂಬಳಿ ಕಾಣದ ಮಳೆ ಯಾವ್ದೈತೆ ಕಣ್ಲಾ?”

ನಾಗಮ್ಮತ್ತೆ ರಾಗಿಹಿಟ್ಟಿನ ಗಂಟು ಕೊಟ್ಟು, “ನಾಯನಾ, ಗಂಜಿ ಮೂರು ಸಲ ಕುಡಿಸಿವ್ನಿ, ಭಯ ಬೀಳಬ್ಯಾಡ” ಎಂದಳು. ಗಿರಾಕಿ ಇಲ್ಲದೆ ಹಿಂದಿರುಗಬಾರದೆಂದು ನಾನು ಅಲ್ಲೇ, ಬಸ್ಸಿನ ಮೆಟ್ಟಿಲ ಮೇಲೆಯೇ ನಿಶ್ಚಯ ಮಾಡಿಕೊಂಡೆ.

ದೋಣಿಕಟ್ಟೆ

ಕಲಿಕೆಯ ಊರು ಸ್ಕಾಟ್ಲೆಂಡಿನ ತೆಂಕಣದಲ್ಲಿತ್ತು. ಮೀನುಗಾರರ ಬಟ್ಟೆಬರೆಯ ವಿಷಯ ಅಲ್ಲಿ ವಿಚಾರಿಸಿದಾಗ, ಪಡುವಣ ಸಮುದ್ರದ ಹೆಬ್ರಿಡೀಸ್ ದ್ವೀಪಗಳಲ್ಲಿ ಮರ್ಡೋ ಎಂಬ ವ್ಯಾಪಾರಿ ಇದ್ದಾನೆ, ದೋಣಿಗಳಿಗೆ ಬೇಕಾದ್ದನ್ನೆಲ್ಲ ಒದಗಿಸುವವನು ಅವನೇ, ಅವನು ಒಪ್ಪಿದರೆ ಸುತ್ತಿನ ದ್ವೀಪಗಳೆಲ್ಲ ಒಪ್ಪಿದಂತೆ ಎಂದರು. ಚಳಿಗಾಲದ ರಜೆ ಬಂದದ್ದೇ ತಡ, ಟ್ರಂಕಿನಲ್ಲಿ ಒಂದು ಕಂಬಳಿ, ಮೈಮೇಲೆ ಒಂದು ಕಂಬಳಿಯೊಂದಿಗೆ ಹೊರಟೆ.

ಹಡಗು ನನ್ನನ್ನು ದೊಡ್ಡ ದ್ವೀಪದಲ್ಲಿ ಇಳಿಸಿತು. ಮರ್ಡೋ ಇರುವ ಚಿಕ್ಕ ದ್ವೀಪ ಪಡುವಣಕ್ಕೆ ಕಣ್ಣೆದುರಿಗೇ ಇತ್ತು, ನಮ್ಮ ಮಧುಗಿರಿ ಬೆಟ್ಟವನ್ನು ಯಾರೋ ಸಮುದ್ರದಲ್ಲಿ ಕುತ್ತಿಗೆವರೆಗೆ ಅದ್ದಿ ಇಟ್ಟಂತೆ. ನಡುವೆ ಒಂದು ಜಲಸಂಧಿ. ದಾಟಿಸುವ ದೋಣಿಯವನ ಹೆಸರು ಆಂಗಸ್. ಅವನು ನನ್ನನ್ನೂ ಸಮುದ್ರವನ್ನೂ ಒಂದೇ ನೋಟದಲ್ಲಿ ಅಳೆದು, ಇವತ್ತಿಲ್ಲ ಎಂದ. ಮರುದಿನವೂ ಇವತ್ತಿಲ್ಲ ಎಂದ. ಆಮೇಲೆ ಅದನ್ನು ಹೇಳುವ ಗೋಜಿಗೂ ಹೋಗದೆ, ನನ್ನನ್ನು ಕಂಡಾಗ ಇಲ್ಲವೆಂದು ತಲೆಯಾಡಿಸತೊಡಗಿದ.

ಉಳಿಯಲು ಅವನ ಅಕ್ಕ ಮೋರಾಗಮ್ಮನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಆಕೆ ಗಂಡನನ್ನು ಕಳೆದುಕೊಂಡವಳು, ನನ್ನ ವಾರಗೆಯವಳು. ಹೆಸರಿನ ಕೊನೆಯ ಅಮ್ಮ ನಾನು ಸೇರಿಸಿದ್ದು. ಅವರ ಮನೆಮಾತು ಬೇರೆ. ಇಂಗ್ಲಿಷು ಅವರಿಗೂ ನನಗೂ ಎರವಲಿನದೇ ಆಗಿದ್ದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಪಾವಗಡದ ಸಂತೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬದುಕು ನಡೆಯುವುದಿಲ್ಲವೇ, ಹಾಗೆ. ಅವರಾಡಿದ್ದನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಹಾಗೆಯೇ ಕೇಳಿಸಿತು.

ಮೋರಾಗಮ್ಮನ ಒಲೆ

ಆ ಊರಿನಲ್ಲಿ ಮರವೇ ಇಲ್ಲ. ಜೌಗುನೆಲದ ಕರಿಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಮನೆಯ ಪಕ್ಕ ಒಟ್ಟಿರುತ್ತಾರೆ, ಥೇಟ್ ನಮ್ಮ ಬೆರಣಿಯ ಒಟ್ಟಿಲು. ಉರಿ ಏಳುವುದಿಲ್ಲ, ಕೆಂಡ ಆರುವುದಿಲ್ಲ. ಅದರ ಮುಂದೆ ನಾನು ರಾಗಿಮುದ್ದೆ ತೊಳಸಿದ ದಿನ ಮೋರಾಗಮ್ಮ ಒಂದು ತುತ್ತು ಬಾಯಿಗಿಟ್ಟು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ನುಂಗಬೇಕು ಎಂದು ಹೇಳುವುದನ್ನು ನಾನು ಮರೆತಿದ್ದೆ.

ಬೆಳಿಗ್ಗೆ ಎದ್ದೊಡನೆ ಆಕೆ ಮಾಡುವ ಮೊದಲ ಕೆಲಸ ಬಾಗಿಲ ಪಕ್ಕದ ಯಂತ್ರವನ್ನು ಬೆರಳಿನ ಗೆಣ್ಣಿನಿಂದ ತಟ್ಟುವುದು. ನಮ್ಮ ಹೆಂಗಸರು ಹೊಸ್ತಿಲಿಗೆ ನೀರು ಹಾಕುವಷ್ಟೇ ನಿಷ್ಠೆ. ಗಡಿಯಾರದಂತೆ ಮುಳ್ಳಿರುವ ಆ ಯಂತ್ರ ಗಾಳಿಯ ಭಾರ ಎಷ್ಟೆಂದು ತೋರಿಸುತ್ತದೆ. ಭಾರ ಇಳಿದರೆ ಮಳೆ, ಬಿರುಗಾಳಿ. ಏರಿದರೆ ಬಿಡುವು. ನಾನಿದ್ದಾಗ ಮುಳ್ಳು ಸ್ವಲ್ಪ ಏರುವುದು, ನಾನು ಟ್ರಂಕಿಗೆ ಕೈ ಹಾಕುವುದು, ಅಷ್ಟರಲ್ಲಿ ಮತ್ತೆ ಕುಸಿಯುವುದು, ಇದೇ ಆಟವಾಯಿತು.

ಇದೆಂಥ ಬಿರುಗಾಳಿ, ಮುಗಿಯುವುದೇ ಇಲ್ಲವೇ ಎಂದು ಒಂದು ಬೆಳಿಗ್ಗೆ ಆಂಗಸ್‌ನನ್ನು ಕೇಳಿದೆ. ಅವನು ಅಕ್ಕ ಬಡಿಸಿದ ಓಟ್ಸಿನ ಗಂಜಿಯ ನಡುವೆ, ನಾವು ಮುದ್ದೆಯಲ್ಲಿ ಸಾರಿಗೆ ಗುಳಿ ಮಾಡುವ ಹಾಗೆ, ಚಮಚದಿಂದ ಒಂದು ಗುಳಿ ಮಾಡಿದ.

“ಇದು ಐಸ್‌ಲ್ಯಾಂಡಿನ ಪಕ್ಕದ ಸಮುದ್ರ. ಗಾಳಿ ಭಾರ ಇಲ್ಲದ ಗುಂಡಿ. ಇದು ಒಂದು ಬಿರುಗಾಳಿ ಅಲ್ಲಪ್ಪಾ, ಬಿರುಗಾಳಿಗಳು ಹೋಗಿ ಬೀಳೋ ಜಾಗ. ಅಮೆರಿಕದ ಕಡೆ ಒಂದೊಂದೇ ಹುಟ್ತಾವೆ, ದಾರೀಲಿ ನಮ್ಮನ್ನ ಒದ್ದು, ಇಲ್ಲಿ ಬಂದು ಸುಸ್ತಾಗಿ ಬೀಳ್ತಾವೆ. ಒಂದು ಆರೋದ್ರೊಳಗೆ ಇನ್ನೊಂದು ಬಂತು. ಗುಂಡಿ ಹೆಂಗೆ ತುಂಬ್ತದೆ ಹೇಳು.”

ಆಮೇಲೆ ಗುಳಿಯ ಸುತ್ತ ಹಾಲು ಬಿಟ್ಟು, ಗಡಿಯಾರದ ಮುಳ್ಳಿಗೆ ಎದುರಾಗಿ ಚಮಚ ತಿರುಗಿಸಿದ. ಗಾಳಿ ಹೀಗೆ ಗುಂಡಿಯನ್ನು ಸುತ್ತುತ್ತದಂತೆ. ಅವರ ದ್ವೀಪ ಗುಂಡಿಯ ಆಗ್ನೇಯಕ್ಕೆ ಇರುವುದರಿಂದ ಅವರಿಗೆ ಸಿಗುವುದು ನೈರುತ್ಯದ ಗಾಳಿ. ಅದು ಬೆಚ್ಚಗಿನ ಸಮುದ್ರದ ಮೇಲಿಂದ ಬರುವುದರಿಂದ ಮಳೆ ತರುತ್ತದೆ, ಹಿಮವನ್ನು ಹತ್ತಿರಕ್ಕೆ ಬಿಡುವುದಿಲ್ಲ. ಗುಂಡಿಯ ಆಚೆ ಮಗ್ಗುಲಲ್ಲಿರುವವರಿಗೆ ಅದೇ ಗಾಳಿ ಉತ್ತರದಿಂದ ಬಂದು ಮೂಳೆ ಕೊರೆಯುತ್ತದೆ. ಚಳಿಗಾಲದಲ್ಲಿ ಉತ್ತರದ ನೆಲ ಹೆಪ್ಪುಗಟ್ಟಿ ಸಮುದ್ರ ಮಾತ್ರ ಅಷ್ಟು ತಣಿಯದೆ ಇರುವುದರಿಂದ ಗುಂಡಿ ಆಳವಾಗುತ್ತದೆ, ಬೇಸಗೆಯಲ್ಲಿ ಮೇಲೆ ಮೇಲೆ ಉಳಿಯುತ್ತದೆ. ಇಷ್ಟನ್ನೂ ಹೇಳಿ ಆಂಗಸ್ ಐಸ್‌ಲ್ಯಾಂಡನ್ನು ಸಮುದ್ರಸಮೇತ ತಿಂದು ಎದ್ದ.

ನಮ್ಮ ಕಡೆಗೂ ಇಂಥ ಗುಂಡಿಗಳು ಬರುವುದುಂಟು ಎಂದು ನಾನು ಮೋರಾಗಮ್ಮನಿಗೆ ಹೇಳಿದೆ. ದೀಪಾವಳಿಯ ಆಸುಪಾಸಿಗೆ ಮದರಾಸಿನ ಸಮುದ್ರದಲ್ಲಿ ಏಳುತ್ತವೆ, ಮಧುಗಿರಿಗೆ, ಕೊರಟಗೆರೆಗೆ ಎರಡು ದಿನ ಜಡಿ ಹಿಡಿಸುತ್ತವೆ, ಪಾವಗಡದವರಿಗೆ ಮೋಡ ತೋರಿಸಿ ಹೊರಟುಹೋಗುತ್ತವೆ. ನಮ್ಮದು ನೆಂಟ, ನಿಮ್ಮದು ಮನೆಯಳಿಯ ಎಂದೆ. ಮನೆಯಳಿಯನೆಂದರೆ ಏನೆಂದು ಬಿಡಿಸಿ ಹೇಳಿದಾಗ ಆಕೆ ಒಲೆಯ ಮುಂದೆ ಕೂತು ಬಹಳ ಹೊತ್ತು ನಕ್ಕಳು. ಅಂದಿನಿಂದ ಯಂತ್ರ ತಟ್ಟಿ ಮುಳ್ಳು ಇಳಿದದ್ದು ಕಂಡರೆ, “ಅಳಿಯ ಮನೇಲೇ ಅವ್ನೆ” ಎನ್ನುತ್ತಿದ್ದಳು.

ಭಾನುವಾರ

ನಾನು ಸುಮ್ಮನೆ ಕೂರಲಿಲ್ಲ. ನಮ್ಮ ಕಂಬಳಿ ಎಂಥದೆಂದು ಊರಿಗೇ ತೋರಿಸಬೇಕೆಂದು, ಗೊಪ್ಪೆ ಹಾಕಿಕೊಂಡು ದಿನವೂ ಮಳೆಯಲ್ಲಿ ಕಟ್ಟೆಯವರೆಗೆ ನಡೆದುಬರುತ್ತಿದ್ದೆ. ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಸಿಕ್ಕಿಸಿ ಹಿಂದೆ ಇಳಿಬಿಡುವ ಗೊಪ್ಪೆಯನ್ನು ಅಲ್ಲಿಯವರು ಎಂದೂ ಕಂಡಿರಲಿಲ್ಲ. ಮೊದಮೊದಲು ಹನಿ ಜಾರುವುದನ್ನು ಮುಟ್ಟಿ ನೋಡಿ ಭಲೇ ಎಂದರು. ನಾನು ದೊಡ್ಡಪ್ಪನ ಪರವಾಗಿ ಬೀಗಿದೆ.

ಆದರೆ ಆ ಮಳೆ ನಮ್ಮ ಮಳೆಯಲ್ಲ. ನಮ್ಮದು ಬಂದರೆ ತಲೆ ಒಡೆಯುವಂತೆ ಬಂದು, ಹೋದರೆ ಬೆನ್ನು ಸುಡುವ ಬಿಸಿಲು ಬಿಟ್ಟುಹೋಗುತ್ತದೆ. ಇದು ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಉದುರುವುದು, ನಿಲ್ಲುವುದು, ಮತ್ತೆ ಉದುರುವುದು. ನಿಂತಾಗಲೂ ಗಾಳಿಯೆಲ್ಲ ನೀರೇ. ಕಂಬಳಿ ಆರಲೇ ಇಲ್ಲ. ಮೊದಲು ಮೆತ್ತಗಾಯಿತು. ಆಮೇಲೆ ಕೈಗೆ ಅಂಟತೊಡಗಿತು. ಮೋರಾಗಮ್ಮನ ನಾಯಿ ನನ್ನ ಹಿಂದೆಯೇ ಬಂದು ಅಂಚನ್ನು ನೆಕ್ಕಲು ಶುರುಮಾಡಿದಾಗ ನನಗೆ ಪ್ರೀತಿಯೆನಿಸಿತು. ಅದು ನೆಕ್ಕುತ್ತಿದ್ದುದು ನಾಗಮ್ಮತ್ತೆಯ ಗಂಜಿಯನ್ನು. ಅಷ್ಟರಲ್ಲಿ ಹುಳಿ ನಾತವೂ ಎದ್ದಿತು. ಕಟ್ಟೆಯ ಜನ ನನ್ನಿಂದ ಗಾಳಿ ಬರುವ ಕಡೆಗೆ ಸರಿದು ನಿಲ್ಲತೊಡಗಿದರು.

ಒಂದು ದಿನ ಅಪರೂಪಕ್ಕೆ ಬಿಸಿಲು ಬಂತು. ನಾನು ಓಡಿಹೋಗಿ ಕಂಬಳಿಯನ್ನು ಕಲ್ಲುಗೋಡೆಯ ಮೇಲೆ ಹರಡಿದೆ. ಚರ್ಚಿಗೆ ಹೋಗುವವರೆಲ್ಲ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಮುಂದೆ ಹೋದರು. ಮೋರಾಗಮ್ಮ ಬಂದವಳೇ ಅದನ್ನು ಮಡಚಿ ಒಳಗಿಟ್ಟಳು. ಅಂದು ಭಾನುವಾರ. ಆ ದ್ವೀಪದಲ್ಲಿ ಭಾನುವಾರ ಬಟ್ಟೆ ಒಣಹಾಕುವುದಿಲ್ಲ, ದೋಣಿ ಬಿಡುವುದಿಲ್ಲ, ನೀರನ್ನೂ ಶನಿವಾರವೇ ಸೇದಿಡುತ್ತಾರೆ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದವನು ನಾನು, ಅವರನ್ನು ಏನೆಂದು ಬೈಯಲಿ? ಒಳಗೆ ಮುದುಡಿ ಬಿದ್ದ ಕಂಬಳಿಯನ್ನೂ ಹೊರಗಿನ ಬಿಸಿಲನ್ನೂ ಇಡೀ ದಿನ ಕಿಟಕಿಯಿಂದ ನೋಡುತ್ತ ಕೂತೆ.

ಹಾಗೆ ಕೂತಾಗಲೇ ವಿಷಯ ಹೊಳೆದದ್ದು. ಹುಣಸೆಗಂಜಿ ಮಳೆಯಲ್ಲಿ ಒಂದಿಷ್ಟು ನೀರು ಕುಡಿಯುತ್ತದೆ, ಬಿಸಿಲಲ್ಲಿ ಅದನ್ನು ಬಿಟ್ಟುಕೊಟ್ಟು ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಕಂಬಳಿಯ ಗಟ್ಟಿತನದಲ್ಲಿ ಅರ್ಧ ನಮ್ಮ ಬಿಸಿಲಿನದು. ತಲೆತಲಾಂತರದಿಂದ ಬಿಸಿಲು ತಾನಾಗಿ ಸಿಗುತ್ತಿದ್ದುದರಿಂದ ನಾವು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಯಳಿಯ ಕೂತಿರುವ ಊರಿಗೆ ಆ ಗಂಜಿ ಆಗದು.

ಹಲಗೆಯ ಸುತ್ತ

ಆಂಗಸ್ ಒಂದು ಉಪಾಯ ಹೇಳಿದ. ಟ್ರಂಕಿನಲ್ಲಿರುವ ಹೊಸ ಕಂಬಳಿ ಇನ್ನೂ ಹಲಗೆಯ ಹಾಗೆ ನಿಂತಿದೆ, ಮರ್ಡೋಗೆ ಅದನ್ನೇ ತೋರಿಸು, ಒಪ್ಪಿದರೆ ಆಯಿತು, ಆಮೇಲೆ ನೆನೆದರೆ ಅವನ ಹಣೆಬರಹ. ನಾನು ಬೇಡವೆಂದೆ. ಒಂದು ಚಳಿಗಾಲಕ್ಕೆ ಹುಳಿಯುವ ಕಂಬಳಿ ಮಾರಿದರೆ ಎರಡನೆಯ ಚಳಿಗಾಲಕ್ಕೆ ಯಾರು ಕೇಳುತ್ತಾರೆ? ಮಗ್ಗಗಳು ನಡೆಯಬೇಕಾದದ್ದು ಒಂದು ವರ್ಷವಲ್ಲ.

ನಿಮ್ಮವರ ಬಟ್ಟೆ ಯಾಕೆ ಹುಳಿಯುವುದಿಲ್ಲ ಎಂದು ಮೋರಾಗಮ್ಮನನ್ನು ಕೇಳಿದೆ. ಆಕೆ ಕುರಿಯ ತುಪ್ಪಟದ ಒಂದು ಹಿಡಿ ತಂದು ನನ್ನ ಅಂಗೈಗೆ ಒತ್ತಿದಳು. ಕೈ ಜಿಡ್ಡಾಯಿತು. ಆ ಜಿಡ್ಡು ಕುರಿಯ ಮೈಯದೇ. ಅದನ್ನು ಅವರು ಪೂರಾ ತೊಳೆಯುವುದಿಲ್ಲ. ನಾವೋ, ಕತ್ತರಿ ಹಾಕುವ ಮುಂಚೆ ಕುರಿಗಳನ್ನು ಕೆರೆಗಿಳಿಸಿ ತಿಕ್ಕಿ ತಿಕ್ಕಿ ಜಿಡ್ಡನ್ನೆಲ್ಲ ಕಳೆಯುತ್ತೇವೆ, ಆಮೇಲೆ ಹುಣಸೆಬೀಜ ಹುರಿದು ಅರೆದು ಮೇಲಿಂದ ಬಳಿಯುತ್ತೇವೆ. ಅದನ್ನು ಹೇಳಿದಾಗ ಆಕೆ, “ದೇವರು ಹಾಕಿದ್ದನ್ನ ತೆಗೆದು ನೀವು ಬೇರೆ ಹಾಕ್ತೀರಾ?” ಎಂದಳು.

ನೆನೆದ ಕಂಬಳಿಯಿಂದ ಗಂಜಿಯನ್ನು ಬಿಸಿನೀರಿನಲ್ಲಿ ತೆಗೆದೆವು. ಅದು ಹಳೆಯ ಗೋಣಿಯಂತೆ ಜೋತುಬಿತ್ತು. ಮೋರಾಗಮ್ಮ ನೆರೆಯ ಹೆಂಗಸರನ್ನು ಕರೆದಳು. ನೇಯ್ದ ಬಟ್ಟೆಯನ್ನು ಅವರು ಉದ್ದನೆಯ ಹಲಗೆಯ ಸುತ್ತ ಕೂತು, ಹಾಡು ಹೇಳುತ್ತ ಬಡಿದು ಬಡಿದು ಬಿಗಿ ಮಾಡುತ್ತಾರೆ. ನೆನೆಸುವುದು ಮನೆಮಂದಿಯ ಉಚ್ಚೆ ಕೂಡಿಟ್ಟ ಪೀಪಾಯಿಯಲ್ಲಿ. ಗಂಜಲ ಮುಟ್ಟಿ ಬೆಳೆದವನಿಗೂ ಮೂಗು ಮುಚ್ಚುವಂತಾಯಿತು, ಆದರೂ ಕೂತೆ. ಗಂಡಸರು ಆ ಹಲಗೆಗೆ ಕೂರುವ ಪದ್ಧತಿಯಿಲ್ಲ. ನನ್ನ ಕೈ ತಾಳ ತಪ್ಪಿದಾಗಲೆಲ್ಲ ಅವರು ನಕ್ಕು ಹಾಡಿನಲ್ಲಿ ನನ್ನನ್ನೇ ಏನೋ ಸೇರಿಸಿದರು, ಏನೆಂದು ಮೋರಾಗಮ್ಮ ಎಷ್ಟು ಕೇಳಿದರೂ ಹೇಳಲಿಲ್ಲ. ನಮ್ಮ ಉಣ್ಣೆ ಒರಟು, ಅವರದರಷ್ಟು ಬಿಗಿಯಲಿಲ್ಲ. ನಾನು ಬಿಡಲಿಲ್ಲ, ಮತ್ತೊಂದು ಸುತ್ತು ಬಡಿಸಿದೆ, ಮಗದೊಂದು ಸುತ್ತು ಒಬ್ಬನೇ ಬಡಿದೆ. ಕೊನೆಗೆ ತುಪ್ಪಟ ಕುದಿಸಿ ತೆಗೆದ ಜಿಡ್ಡನ್ನು ಕಂಬಳಿಗೆ ಕೈಯಿಂದಲೇ ತಿಕ್ಕಿ ಕುಡಿಸಿದೆವು. ಅದು ಇನ್ನು ಆರಬೇಕಿತ್ತು. ರಜೆ ಮುಗಿಯುತ್ತ ಬಂದಿತ್ತು.

ದಾಟಿದ ದಿನ

ಒಂದು ಬೆಳಿಗ್ಗೆ ಎಚ್ಚರವಾದಾಗ ಕಿವಿಗೆ ಏನೂ ಕೇಳಿಸಲಿಲ್ಲ. ಅಷ್ಟು ದಿನ ಮಾಡಿನ ಮೇಲೆ ಹೊರಳುತ್ತಿದ್ದ ಗಾಳಿ ನಿಂತಿತ್ತು. ಮೋರಾಗಮ್ಮ ಯಂತ್ರ ತಟ್ಟಿ, ಮುಳ್ಳು ಏರಿದ್ದು ಸಾಲದೆಂಬಂತೆ ಮತ್ತೆ ತಟ್ಟಿ, “ಅಳಿಯ ಮುನಿಸ್ಕೊಂಡು ಎದ್ದು ಹೋದ” ಎಂದಳು. ಕೆಲವು ಚಳಿಗಾಲಗಳಲ್ಲಿ ಹೀಗಾಗುತ್ತದಂತೆ. ಐಸ್‌ಲ್ಯಾಂಡಿನ ಗುಂಡಿ ತುಂಬಿಬರುತ್ತದೆ, ಬಿರುಗಾಳಿಗಳು ದೂರದ ತೆಂಕಣ ದಾರಿ ಹಿಡಿಯುತ್ತವೆ, ಅವರಿಗೆ ಮೂಡಣದಿಂದ ಒಣಗಾಳಿ ಬೀಸುತ್ತದೆ. ಹೊರಗೆ ಹೋದರೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಅಲ್ಲಿ ಕಂಡ ನಿಜವಾದ ಚಳಿ ಅದೇ. ಮಳೆಯಲ್ಲಿ ಬೆಚ್ಚಗಿದ್ದ ಊರು ಬಿಸಿಲಲ್ಲಿ ನಡುಗುವುದನ್ನು ನಾನು ಬೇರೆಲ್ಲೂ ಕಾಣೆ.

ಆ ಒಣಗಾಳಿಗೆ ಕಂಬಳಿ ಆರಿತು. ಮರುದಿನ ಆಂಗಸ್ ತಲೆಯಾಡಿಸಲಿಲ್ಲ, ದೋಣಿ ಹತ್ತು ಎಂದು ಕೈ ಮಾಡಿದ. ಜಲಸಂಧಿ ನಮ್ಮ ಶಿರಾ ಕೆರೆಯಂತೆ ಮಲಗಿತ್ತು. ಆದರೂ ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮರ್ಡೋನ ಅಂಗಡಿಯಲ್ಲಿ ಹಗ್ಗ, ಲಾಟೀನು, ಗಾಳ, ರಬ್ಬರಿನ ಬೂಟು ಎಲ್ಲ ಒಟ್ಟಿಗೆ ನೇತಾಡುತ್ತಿದ್ದವು. ಮನುಷ್ಯ ಎತ್ತರ, ಮಾತು ಗಿಡ್ಡ. ನಾನು ಎರಡು ಕಂಬಳಿಯನ್ನೂ ಮೇಜಿನ ಮೇಲೆ ಹಾಕಿದೆ. ಗಂಜಿಯದನ್ನು ಮುಟ್ಟಿ ಅವನ ಕಣ್ಣರಳಿತು. ಇದು ನಮ್ಮ ಹಿರಿಯರು ಮಾಡಿಕೊಂಡು ಬಂದದ್ದು, ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯದಿಲ್ಲ, ನಿಮ್ಮ ಮಳೆಯಲ್ಲಿ ಹುಳಿಯುತ್ತದೆ ಎಂದೆ.

“ಬೇಡ ಅಂತ ಹೇಳೋಕೆ ಅಷ್ಟು ದೂರದಿಂದ ಬಂದೆಯಾ?” ಎಂದ ಮರ್ಡೋ.

“ಇಲ್ಲ. ಇದ ತೋರ್ಸಾಕೆ ಬಂದೆ” ಎಂದು ಜಿಡ್ಡಿನದನ್ನು ಮುಂದೆ ತಳ್ಳಿದೆ.

ಅವನು ಅದನ್ನು ಎತ್ತಿ ಹಿತ್ತಲಲ್ಲಿದ್ದ ಸಮುದ್ರದ ನೀರಿನ ತೊಟ್ಟಿಗೆ ಎಸೆದು, ನನ್ನನ್ನು ಚಹಕ್ಕೆ ಕೂರಿಸಿದ. ನಾನು ಆ ಚಹದ ರುಚಿ ಹೇಗಿತ್ತೆಂದು ಹೇಳಲಾರೆ. ಆಮೇಲೆ ಕಂಬಳಿ ಎತ್ತಿ ಕೊಡವಿ, ನೀರು ಇಳಿದಿದೆಯೇ ಎಂದು ಒಳಮಗ್ಗುಲಿಗೆ ಕೈಯಿಟ್ಟು ನೋಡಿ, ಮೊಳೆಗೆ ತೂಗುಹಾಕಿದ. ಒಂದು ದೋಣಿಗೆ ಕೊಡುತ್ತೇನೆ, ಮುಂದಿನ ಚಳಿಗಾಲವನ್ನೂ ಪೂರಾ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದ. ಹೂಂ ಎನ್ನಲಿಲ್ಲ, ಇಲ್ಲವೆನ್ನಲಿಲ್ಲ. ಗಂಜಿಯ ಕಂಬಳಿಯನ್ನು ನಾನು ಮೋರಾಗಮ್ಮನಿಗೆ ಕೊಟ್ಟು ಬಂದೆ. ಒಲೆಯ ಮುಂದೆ ಅದು ಚೆನ್ನಾಗಿಯೇ ಇರುತ್ತದೆ, ನಾಯಿಯನ್ನು ದೂರ ಇಟ್ಟರೆ.

ಶಿರಾ

ಹಿಂದಿರುಗಿದ ಮೇಲೆ ಹಟ್ಟಿಯಲ್ಲಿ ಎಲ್ಲವನ್ನೂ ಹೇಳಿದೆ. ನಾಗಮ್ಮತ್ತೆ, “ನನ್ನ ಗಂಜಿ ಕೊಳೀತಾ ನಾಯನಾ?” ಎಂದು ಎದ್ದುಹೋದಳು. ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ದೊಡ್ಡಪ್ಪ ಎಲೆಅಡಿಕೆ ಅಗಿಯುತ್ತ, ಅಂಗಾರೆ ಇನ್ನೊಂದು ವರ್ಸ ಕಾಯಾದು ಅನ್ನು ಎಂದನಷ್ಟೇ. ನಾನು ಬಂದ ವರ್ಷ ಇನ್ನೆರಡು ಮಗ್ಗ ನಿಂತವು. ದೀಪಾವಳಿಯ ಜಡಿ ಹಿಡಿದಾಗ ನಾನು ಮಧುಗಿರಿಯ ಮನೆಯ ಜಗಲಿಯಲ್ಲಿ ಕೂತು, ಅಳಿಯ ಈಗ ಬಂದು ಕೂತಿರುತ್ತಾನೆ, ಯಾವನೋ ಒಬ್ಬನ ಹೆಗಲ ಮೇಲೆ ನಮ್ಮ ಕಂಬಳಿ ನೆನೆಯುತ್ತಿರುತ್ತದೆ ಎಂದುಕೊಳ್ಳುತ್ತಿದ್ದೆ.

ಮರುವರ್ಷದ ಬೇಸಗೆಯಲ್ಲಿ ಅಂಚೆಗೆ ಒಂದು ಕಟ್ಟು ಬಂತು. ಬಿಚ್ಚದೆ ಹಟ್ಟಿಗೆ ಹೊತ್ತುಕೊಂಡು ಹೋದೆ. ಎಲ್ಲರೂ ಸುತ್ತ ನಿಂತರು. ಒಳಗಿದ್ದುದು ನಾನು ಮರ್ಡೋಗೆ ಕೊಟ್ಟುಬಂದ ಅದೇ ಕಂಬಳಿ, ಉಪ್ಪು ಹಿಡಿದು, ಮೀನಿನ ನಾತ ಹೊಡೆಯುತ್ತ. ಹೆಂಗಸರಲ್ಲಿ ಒಬ್ಬಳು, ವಾಪಸ್ ಕಳಿಸವ್ರೆ ಎಂದು ಮೆಲ್ಲಗೆ ಅಂದಳು. ನಾನು ಕಟ್ಟಿನೊಳಗೆ ಚೀಟಿ ಏನಾದರೂ ಇದೆಯೇ ಎಂದು ತಡಕುತ್ತಿದ್ದೆ. ದೊಡ್ಡಪ್ಪ ಕಂಬಳಿಯನ್ನು ಬಿಸಿಲಿಗೆ ಹರಡಿ, ಕಣ್ಣಿಗೆ ಹತ್ತಿರ ಹಿಡಿದು ಮೊಳ ಮೊಳವೇ ನೋಡುತ್ತ ಹೋದ. ಹೆಗಲ ಹತ್ತಿರ ಅವನ ಬೆರಳು ನಿಂತಿತು. ಅಲ್ಲಿ ಹಗ್ಗ ಉಜ್ಜಿ ಸವೆದಿತ್ತು. ಸವೆದ ಕಡೆ ಅವರ ಊರಿನ ನೀಲಿ ಬಟ್ಟೆಯ ತ್ಯಾಪೆ, ಸಣ್ಣ ಸಣ್ಣ ಹೊಲಿಗೆ.

“ಬ್ಯಾಡ ಅನ್ನೋನು ತ್ಯಾಪೆ ಹಾಕಾಕಿಲ್ಲ ಕಣ್ಲಾ” ಎಂದ.

ಚೀಟಿ ಆಮೇಲೆ ಸಿಕ್ಕಿತು. ಮರ್ಡೋನ ಮಾತಿನಂತೆಯೇ ಗಿಡ್ಡ: ಇಂಥವೇ ಬೇಕು, ಚಳಿಗಾಲಕ್ಕೆ ಮುಂಚೆ, ನೇಯ್ದಷ್ಟೂ. ನಾಗಮ್ಮತ್ತೆ ಕಂಬಳಿಯ ಒಳಮಗ್ಗುಲನ್ನು ಮುಟ್ಟಿದಳು, ಮೂಸಿದಳು, ಮುಖ ಸಿಂಡರಿಸಿದಳು. ಜಿಡ್ಡು ಎಷ್ಟು ಹೊತ್ತು ಕುದಿಸಬೇಕು ಎಂದು ನನ್ನನ್ನು ಕೇಳಿದಳು.

ಆ ಸಲದ ಉಣ್ಣೆ ಕತ್ತರಿಸುವ ಬೆಳಿಗ್ಗೆ ನಾನೂ ಹಟ್ಟಿಯಲ್ಲಿದ್ದೆ. ದೊಡ್ಡಿಯಿಂದ ಬಿಟ್ಟೊಡನೆ ಕುರಿಗಳು ತಮ್ಮ ಪಾಡಿಗೆ ತಾವು ಕೆರೆಯ ದಾರಿ ಹಿಡಿದವು. ಪ್ರತಿ ವರ್ಷವೂ ಹೋದ ದಾರಿ. ದೊಡ್ಡಪ್ಪ ಕೋಲು ಅಡ್ಡ ಹಿಡಿದು ಏರಿಯ ಮೇಲೆ ನಿಂತ. ಮುಂದಿನ ಟಗರು ಅವನನ್ನೂ ನೀರನ್ನೂ ನೋಡಿತು, ನುಗ್ಗಲು ನೋಡಿತು. ಅವನು ಜರುಗಲಿಲ್ಲ. ಹಿಂದಿನವು ಮುಂದಿನವನ್ನು ತಳ್ಳಿ, ಧೂಳೆದ್ದು, ಮಂದೆಯೆಲ್ಲ ಗೊಂದಲವಾಗಿ, ಕೊನೆಗೆ ಮೈಯ ಜಿಡ್ಡನ್ನು ಹಾಗೆಯೇ ಹೊತ್ತುಕೊಂಡು ಕತ್ತರಿಗಳ ಕಡೆಗೆ ತಿರುಗಿದವು.